ನಲವತ್ತೇಳು ಸೆಕೆಂಡು

ಸೂಟ್‌ಕೇಸಿನ ಮೇಲೆ ಮಂಡಿಯೂರಿ ಜಿಪ್ಪು ಎಳೆಯುತ್ತಿದ್ದಾಗ ಅನಂತಕೃಷ್ಣನ ಫೋನು ಒಂದು ಸಲ ಗುರ್ ಎಂದಿತು. ಜಯಮಾಲಾ ಅತ್ತಿಗೆ, ವಾಯ್ಸ್ ಮೆಸೇಜ್, ನಲವತ್ತೇಳು ಸೆಕೆಂಡು. ಪುಚೊಂಗಿನ ಮನೆಯ ಗೋಡೆ ಗಡಿಯಾರದಲ್ಲಿ ಎಂಟೂ ಹತ್ತು. ಅಂದರೆ ಮೈಸೂರಿನಲ್ಲಿ ಬೆಳಗಿನ ಐದೂ ನಲವತ್ತು. ಹದಿನೆಂಟು ವರ್ಷದಿಂದ ಪರದೇಶದಲ್ಲಿದ್ದು ಈ ಎರಡೂವರೆ ಗಂಟೆಯನ್ನು ಕಳೆದು ಕಳೆದು ಅವನಿಗೆ ಅದು ಉಸಿರಾಡಿದಷ್ಟು ಸಲೀಸಾಗಿತ್ತು, ಆದರೆ ಇವತ್ತು ಬೆರಳು ಮಡಿಸಿ ಲೆಕ್ಕ ಹಾಕಿದ. ಬೆಳಗಿನ ಐದೂ ನಲವತ್ತಕ್ಕೆ ಯಾರೂ ಯಾರಿಗೂ ಒಳ್ಳೆಯ ಸುದ್ದಿ ಹೇಳುವುದಿಲ್ಲ. ಅಣ್ಣ ಯಜ್ಞನಾರಾಯಣ ಆಸ್ಪತ್ರೆ ಸೇರಿ ಹನ್ನೊಂದು ದಿನವಾಗಿತ್ತು. ಅಷ್ಟೂ ದಿನ ಅತ್ತಿಗೆ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಒಂದು ಸಾಲು ಟೈಪು ಮಾಡಿ ಕಳಿಸುತ್ತಿದ್ದಳು. ಜ್ವರ ಇಲ್ಲ, ಗಂಜಿ ಕುಡಿದರು, ನಿನ್ನ ಕೇಳಿದರು. ಟೈಪು ಮಾಡಲು ಆಗದಂಥದ್ದು, ಬಾಯಿಬಿಟ್ಟೇ ಹೇಳಬೇಕಾದದ್ದು ಏನಿರುತ್ತದೆ ಎಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನ ಹೆಬ್ಬೆರಳು ಆ ಸಣ್ಣ ತ್ರಿಕೋನದ ಹತ್ತಿರ ಹೋಗಿ, ಬಿಸಿ ಪಾತ್ರೆ ಮುಟ್ಟಿದಂತೆ ಹಿಂದೆ ಬಂತು.

ನಾಳೆ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಮಗಳು ಇಂಚರಳ ನಿಶ್ಚಿತಾರ್ಥ. ಗೆಂಟಿಂಗ್ ಬೆಟ್ಟದ ಮೇಲಿನ ಹೋಟೆಲಿನಲ್ಲಿ ಹಾಲ್ ಗೊತ್ತುಮಾಡಿ ಆಗಿದೆ, ಗಂಡಿನವರು ಬೆಂಗಳೂರಿನಿಂದ ಬಂದಿಳಿದಿದ್ದಾರೆ, ಪುರೋಹಿತರು ಬಾಂಗ್ಸಾರ್‌ನಿಂದ ತಾವೇ ಕಾರು ಹೊಡೆದುಕೊಂಡು ಬರುವವರಿದ್ದಾರೆ. ಅಣ್ಣ ಹೋಗಿದ್ದರೆ ಹತ್ತು ದಿನ ಸೂತಕ, ಅವನಿಗೂ ಮದುವೆಯಾಗದ ಮಗಳಿಗೂ. ಆದರೆ ಸೂತಕ ಶುರುವಾಗುವುದು ಸತ್ತಾಗಲ್ಲ, ತಿಳಿದಾಗ. ತಿಳಿಯದವನಿಗೆ ಸೂತಕವಿಲ್ಲ. ಇದನ್ನು ಅವನು ಶಾಸ್ತ್ರ ಓದಿ ಕಲಿತವನಲ್ಲ, ಮನೆಯಲ್ಲಿ ಉಪ್ಪು ಹುಳಿಯ ಜೊತೆ ಕಲಿತವನು. ಇನ್ನು ಸೈಬರ್‌ಜಯಾದ ಡೇಟಾ ಸೆಂಟರಿನಲ್ಲಿ ಅವನ ಕೆಲಸವೂ ಅದನ್ನೇ ಕಲಿಸಿತ್ತು. ಅಲ್ಲಿ ರಾತ್ರಿಯಿಡೀ ಪರದೆಯ ಮೇಲೆ ಕೆಂಪು ಅಲಾರಂ ಮಿನುಗುತ್ತಿರುತ್ತದೆ. ಯಾರು 'ಅಕ್ನಾಲೆಜ್', ಅಂದರೆ ನೋಡಿದ್ದೇನೆ ಎಂದು, ಒತ್ತುತ್ತಾರೋ ಅವರ ತಲೆಗೆ ಅದು, ಬೆಳಗಾದರೂ ಮನೆಗೆ ಹೋಗುವಂತಿಲ್ಲ. ಶಿಫ್ಟ್ ಮುಗಿಯಲು ಹತ್ತು ನಿಮಿಷ ಇರುವಾಗ ಅಲಾರಂ ಬಂದರೆ ಅನುಭವಸ್ಥರು ಕಾಫಿ ಲೋಟ ಹಿಡಿದು ಕಿಟಕಿ ಕಡೆ ನೋಡುತ್ತಾರೆ. ಹೊಸ ಹುಡುಗರಿಗೆ ಅನಂತಕೃಷ್ಣನೇ ಗುಟ್ಟಾಗಿ ಹೇಳಿಕೊಟ್ಟಿದ್ದ, ಕಣ್ಣಲ್ಲಿ ನೋಡು, ಕೈಯಲ್ಲಿ ಒತ್ತಬೇಡ. ಈಗ ಫೋನನ್ನು ಸೈಲೆಂಟಿಗೆ ಹಾಕಿ ಜೇಬಿಗಿಳಿಸಿದ. ಅಷ್ಟು ಸುಲಭವಾಗಿ ಆಗಿಹೋದದ್ದಕ್ಕೆ ಅವನಿಗೇ ಅಸಹ್ಯವಾಯಿತು.

"ಏನ್ರೀ, ಒಂದು ಜಿಪ್ ಎಳೆಯೋಕ್ಕೆ ಅರ್ಧ ಗಂಟೆ ಬೇಕಾ?" ಎಂದಳು ಹೆಂಡತಿ ವೇದಾ, ಬಾಗಿಲಲ್ಲಿ ನಿಂತು. ರೇಷ್ಮೆ ಸೀರೆಯ ಚೀಲವನ್ನು ಮಗುವಿನಂತೆ ಎದೆಗವಚಿಕೊಂಡಿದ್ದಳು. ಅವನ ಮುಖವನ್ನು ಕೊಂಚ ಹೆಚ್ಚೇ ನೋಡಿದಳೇನೋ. ಅವಳಿಗೂ ಅತ್ತಿಗೆಗೂ ಮಾತು ಬಿಟ್ಟು ಆರು ವರ್ಷ. ಅತ್ತೆಯ ಬೆಳ್ಳಿ ದೀಪ ಯಾರಿಗೆ ಸೇರಬೇಕು ಎಂಬಲ್ಲಿ ಶುರುವಾದ ಮುನಿಸು ದೀಪ ಮರೆತುಹೋದರೂ ಉಳಿದುಕೊಂಡಿತ್ತು. ಹಾಗಾಗಿ ಅತ್ತಿಗೆ ವೇದಾಗೆ ಫೋನು ಮಾಡುವುದಿಲ್ಲ. ಈ ಜಗಳದಿಂದ ಇಷ್ಟು ವರ್ಷಕ್ಕೆ ಒಂದು ಉಪಯೋಗವಾಯಿತು ಎಂದುಕೊಂಡ ಅನಂತಕೃಷ್ಣನಿಗೆ, ಹಾಗೆ ಅಂದುಕೊಂಡದ್ದಕ್ಕೆ ತನ್ನ ತಲೆಗೇ ಒಂದು ಮೊಟಕಬೇಕೆನಿಸಿತು.

ಕಾರಿನಲ್ಲಿ ಫೋನನ್ನು ಗೇರಿನ ಪಕ್ಕದ ಗುಳಿಯಲ್ಲಿ ಮುಖ ಕೆಳಗೆ ಮಾಡಿ ಇಟ್ಟ. ಎಂಟೂ ಇಪ್ಪತ್ತೈದಕ್ಕೆ ಅದರ ಅಂಚಿನಲ್ಲಿ ಬೆಳಕು ಕಂಡಿತು. ಎಂಟೂ ನಲವತ್ತಕ್ಕೆ ಇನ್ನೊಮ್ಮೆ. ಎಂಟೂ ಐವತ್ತೈದಕ್ಕೆ ಮತ್ತೊಮ್ಮೆ, ಆ ಸಲ ಬಹಳ ಹೊತ್ತು. ಟ್ರಾಫಿಕ್ ಸಿಗ್ನಲ್ಲಿನಲ್ಲಿ ಎತ್ತಿ ನೋಡಿದ, ಮೂರೂ ಅತ್ತಿಗೆಯವೇ. ಸುದ್ದಿ ಮುಟ್ಟಿಸುವುದಕ್ಕೆ ಪಾಪ ಎಷ್ಟು ಒದ್ದಾಡುತ್ತಿದ್ದಾಳೆ, ಒಬ್ಬಳೇ. ಒಂಬತ್ತರ ನಂತರ ಬೆಳಕು ನಿಂತುಹೋಯಿತು. ಇನ್ನೇನು, ಜನ ಸೇರಿರುತ್ತಾರೆ, ಅವಳಿಗೆ ಫೋನು ಹಿಡಿಯಲು ಪುರುಸೊತ್ತಿರುವುದಿಲ್ಲ. ಹಿಂದಿನ ಸೀಟಿನಿಂದ ಇಂಚರ, "ಅಪ್ಪಾ, ಬ್ಲೂಟೂತ್ ಆನ್ ಮಾಡಿ, ಐ ವಾಂಟ್ ಸಮ್ ಮ್ಯೂಸಿಕ್ ಲಾ," ಎಂದಳು. ಬ್ಲೂಟೂತ್ ಆನ್ ಮಾಡಿದರೆ ಕಾರಿಗೆ ಮೊದಲು ನೆನಪಾಗುವುದು ಅವನ ಫೋನು. ಒಂದು ಬೆರಳು ತಪ್ಪಿದರೆ ಅತ್ತಿಗೆ ನಾಲ್ಕು ಸ್ಪೀಕರಿನಲ್ಲಿ ಒಟ್ಟಿಗೆ ಅಳುತ್ತಾಳೆ. "ಕೆಟ್ಟಿದೆ," ಎಂದ. "ನಿನ್ನೆ ಚೆನ್ನಾಗಿತ್ತಲ್ಲ?" "ಇವತ್ತು ಕೆಟ್ಟಿದೆ ಅಂದೆನಲ್ಲ." ದನಿ ಅಗತ್ಯಕ್ಕಿಂತ ಜೋರಾಯಿತು. ವೇದಾ ಕೈಚಾಚಿ ಗುಳಿಯಲ್ಲಿದ್ದ ಫೋನನ್ನು ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡಳು. "ಡ್ರೈವ್ ಮಾಡುವಾಗ ಅದರ ಸಹವಾಸ ಬೇಡ. ನನ್ನ ಹತ್ರ ಇರ್ಲಿ."

ಕರಾಕ್ ಹೆದ್ದಾರಿ ಬಿಟ್ಟು ಬೆಟ್ಟ ಹತ್ತತೊಡಗಿದಾಗ ಕಿವಿ ಕಟ್ಟಿತು. ಮಂಜು ರಸ್ತೆಗೆ ಇಳಿದಿತ್ತು. ಅಣ್ಣನೂ ಒಮ್ಮೆ ಹೀಗೇ ಸುದ್ದಿಯೊಂದನ್ನು ಬಾಗಿಲಾಚೆ ನಿಲ್ಲಿಸಿದ್ದ. ಅನಂತಕೃಷ್ಣನ ಮದುವೆಯ ಎರಡು ದಿನ ಯಜ್ಞನಾರಾಯಣ ಛತ್ರದ ಆಫೀಸು ಕೋಣೆ ಬಿಟ್ಟು ಕದಲಿರಲಿಲ್ಲ. ದೊಡ್ಡಮ್ಮ ಹಾಸನದಲ್ಲಿ ಈಗಲೋ ಆಗಲೋ ಎನ್ನುವಂತಿದ್ದರು. ಛತ್ರದ ಕಪ್ಪು ಫೋನಿನ ರಿಸೀವರನ್ನು ಎತ್ತಿ ಪಕ್ಕಕ್ಕಿಟ್ಟು, ಯಾರಾದರೂ ಅದನ್ನು ಸರಿಯಾಗಿಡಲು ಬಂದರೆ ಗದರಿ ಕಳಿಸುತ್ತ ಕುರ್ಚಿಯಲ್ಲಿ ಕೂತೇ ಊಟ ಮಾಡಿದ್ದ. ತಮ್ಮನು ತಾಳಿ ಕಟ್ಟುವುದನ್ನು ಕೂಡ ಬಾಗಿಲ ಸಂದಿಯಿಂದ ನೋಡಿದನಂತೆ. ರೈಲ್ವೆಯ ಬುಕಿಂಗ್ ಕ್ಲರ್ಕು, ಜನ್ಮದಲ್ಲಿ ಒಬ್ಬರಿಗೂ ಸುಳ್ಳು ಹೇಳಿದವನಲ್ಲ. ದೊಡ್ಡಮ್ಮ ಧಾರೆಯ ಹೊತ್ತಿಗೇ ತೀರಿಕೊಂಡಿದ್ದರು. ಮೂರನೆಯ ದಿನ ರಿಸೀವರನ್ನು ಜಾಗದಲ್ಲಿಟ್ಟು, ಅದು ಬಡಿದುಕೊಂಡಾಗ ಎತ್ತಿ, ಈಗಷ್ಟೇ ಕೇಳುವವನಂತೆ ಕೇಳಿದ. ಹಾಗಾದರೆ ನಾನು ಮಾಡುತ್ತಿರುವುದು ಅಣ್ಣ ಮಾಡಿದ್ದನ್ನೇ ತಾನೇ? ಅದೇ, ಅದೇ ಎಂದು ಗೇರು ಬದಲಿಸುತ್ತ ತನಗೆ ತಾನೇ ಹೇಳಿಕೊಂಡ. ಸತ್ತರೆ ನಾಡಿದ್ದು ಸಾಯಬಾರದಿತ್ತೆ ಎಂದು ಕೂಡ ಒಂದು ತಿರುವಿನಲ್ಲಿ ಅನ್ನಿಸಿಬಿಟ್ಟಿತು. ತಿರುವು ಮುಗಿದ ಮೇಲೂ ಆ ಮಾತು ಎದೆಯಲ್ಲಿ ಕೂತೇ ಇತ್ತು.

"ಅಪ್ಪಾ, ಶುಡ್ ವಿ ಕಾಲ್ ದೊಡ್ಡಪ್ಪ?" ಎಂದಳು ಇಂಚರ ಇದ್ದಕ್ಕಿದ್ದಂತೆ. "ಹೀ ಮಸ್ಟ್ ಬ್ಲೆಸ್ ಅಸ್, ನೋ?"

"ಈಗ ಬೇಡ," ಎಂದಳು ವೇದಾ, ಅವನಿಗಿಂತ ಮುಂಚೆ. "ಅವರು ಮಲಗಿರ್ತಾರೆ. ನಾಳೆ ಮುಗಿದ ಮೇಲೆ ಮಾಡಿದ್ರಾಯ್ತು."

ಇಂಚರಳ ಹಿಂದಿನ ಸಂಬಂಧ ನಿಶ್ಚಿತಾರ್ಥಕ್ಕೆ ಎರಡು ದಿನವಿದ್ದಾಗ ಮುರಿದುಬಿತ್ತು. ಹುಡುಗನ ಮನೆಯವರು ಕಾರಣ ಕೂಡ ಹೇಳಲಿಲ್ಲ. ಆಮೇಲೆ ನಾಲ್ಕು ತಿಂಗಳು ಅವಳು ತಟ್ಟೆಯನ್ನು ರೂಮಿಗೇ ಒಯ್ದು ಬಾಗಿಲು ಹಾಕಿಕೊಂಡು ಉಂಡಳು. ಪುಚೊಂಗಿನ ನೆರೆಮನೆಯ ತಮಿಳು ಅಮ್ಮ ಪ್ರತಿ ಶುಕ್ರವಾರ ಕಡಲೆ ಸುಂಡಲ್ ತಂದುಕೊಟ್ಟು ಏನಾಯಿತು ಎಂದು ಕಣ್ಣಲ್ಲೇ ವಿಚಾರಿಸಿ ಹೋಗುತ್ತಿದ್ದರು. ಕನ್ನಡಿಯಲ್ಲಿ ಮಗಳ ಹಣೆ ಮಾತ್ರ ಕಾಣುತ್ತಿತ್ತು. ಆ ಹಣೆಯನ್ನು ನೋಡಿದಾಗಲೆಲ್ಲ, ತಾನು ಮಾಡುತ್ತಿರುವುದು ಸರಿ ಎನಿಸುತ್ತಿತ್ತು. ಕಣ್ಣು ರಸ್ತೆಗೆ ಮರಳಿದ ಕೂಡಲೇ ಅಲ್ಲ ಎನಿಸುತ್ತಿತ್ತು.

ಕೇಬಲ್ ಕಾರಿನ ನಿಲ್ದಾಣದಲ್ಲಿ ಬೀಗರು ಕಾದಿದ್ದರು. ವರನ ತಂದೆ ಸುರೇಶ ಕುತ್ತಿಗೆಗೆ ಉಣ್ಣೆಯ ಮಫ್ಲರ್ ಬಿಗಿದು, ಊಟಿಗೆ ಬಂದವರಂತೆ ಕೈ ಉಜ್ಜುತ್ತಿದ್ದರು. ನಿಶ್ಚಿತಾರ್ಥ ಈ ಬೆಟ್ಟದ ಮೇಲೇ ಆಗಲಿ ಎಂದದ್ದು ಅವರು. ಮನೆಯಲ್ಲಿ ಮಡಿ, ಏಕಾದಶಿ, ರಾಹುಕಾಲ ಎಲ್ಲ ಕಟ್ಟುನಿಟ್ಟು, ಆದರೆ ಕ್ಯಾಸಿನೊ ಒಂದು ಸಲ ನೋಡದೆ ಸಾಯಬಾರದು ಎನ್ನುವುದು ನಿವೃತ್ತಿಯ ದಿನದಿಂದ ಹಿಡಿದ ಹಟವಂತೆ. "ದೇವಸ್ಥಾನಾನೂ ಇದೆಯಂತಲ್ಲ ಬೀಗರೇ ಮೇಲೆ, ಎರಡೂ ಆಗುತ್ತೆ!" ಎಂದು ನಕ್ಕರು. ಅವರ ಹೆಂಡತಿ ಮೋಹಿನಿ, "ನಿಮ್ಮಣ್ಣಾವ್ರು ಹೇಗಿದಾರೆ? ಬರೋಕ್ಕಾಗ್ಲಿಲ್ಲ ಪಾಪ," ಎಂದರು. ಆ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇತ್ತು. ಅದು ಇರುವುದು ಎಲ್ಲರಿಗೂ ಗೊತ್ತಿತ್ತು. "ಪರವಾಗಿಲ್ಲ," ಎಂದ ಅನಂತಕೃಷ್ಣ. ಸುಳ್ಳಲ್ಲ. ಅವನಿಗೆ ತಿಳಿದ ಮಟ್ಟಿಗೆ ನಿನ್ನೆಯವರೆಗೆ ಪರವಾಗಿಲ್ಲ. ಹುಡುಗ ಧನುಷ್ ಬಗ್ಗಿ ಅವನ ಕಾಲು ಮುಟ್ಟಲು ಹೋದ. ಅನಂತಕೃಷ್ಣ ಸರಕ್ಕನೆ ಒಂದು ಹೆಜ್ಜೆ ಹಿಂದೆ ಸರಿದ, ಹುಡುಗನ ಕೈ ನೆಲಕ್ಕೆ ತಾಗಿತು. "ಬೇಡಪ್ಪಾ, ಬೂಟು ಗಲೀಜು," ಎಂದು ತೊದಲಿದ. ಮೋಹಿನಿ ಅವನ ಬೂಟು ನೋಡಿದರು. ನಿನ್ನೆ ತಾನೇ ಪಾಲಿಶ್ ಆದ ಬೂಟು.

ಗಾಜಿನ ಡಬ್ಬಿಯೊಳಗೆ ಏಳು ಜನ ಕೂರುವಷ್ಟು ಜಾಗ, ಆರು ಜನ. ಕೆಳಗೆ ಕಾಡು ಇತ್ತು ಎಂದು ಬೋರ್ಡು ಹೇಳುತ್ತಿತ್ತು, ಆದರೆ ಕಾಣುತ್ತಿದ್ದುದು ಬಿಳಿ ಮಾತ್ರ. ಮುಂದಿನ ಡಬ್ಬಿ ಕಾಣಲಿಲ್ಲ, ತಂತಿ ಕೂಡ ನಾಲ್ಕು ಮಾರು ಆಚೆಗೆ ಇಲ್ಲವಾಗಿತ್ತು. ಎಲ್ಲರೂ ಫೋಟೊ ತೆಗೆದುಕೊಂಡರು. ಪ್ರತಿ ಫೋಟೊದಲ್ಲೂ ಅವನು ಎಲ್ಲರಿಗಿಂತ ಹೆಚ್ಚು ನಕ್ಕ. ಖಾಲಿ ಉಳಿದ ಏಳನೆಯ ಜಾಗದ ಮೇಲೆ ವೇದಾ ತನ್ನ ಬ್ಯಾಗು ಇಟ್ಟಿದ್ದಳು. ಅದರೊಳಗೆ ಫೋನು ಮತ್ತೆ ಬೆಳಗುತ್ತಿದೆಯೇನೋ ಎಂದು ಅವನು ಬ್ಯಾಗಿನ ಬಟ್ಟೆಯನ್ನೇ ದಿಟ್ಟಿಸುತ್ತ ಕೂತ.

ಮಧ್ಯಾಹ್ನವೆಲ್ಲ ರೂಮು, ಹಾಲ್, ಹೂವಿನ ಲೆಕ್ಕ, ಪುಚೊಂಗಿನ ಅಂಗಡಿಯಿಂದ ತಪಾವ್ ಎಂದು ಪೊಟ್ಟಣ ಕಟ್ಟಿಸಿ ತಂದ ಆರಿದ ಇಡ್ಲಿ. ಐದೂವರೆಗೆ ಸುರೇಶ ಅವನ ರೂಮಿನ ಬಾಗಿಲು ಬಡಿದರು. ಹೆಂಗಸರು ಕೆಳಗೆ ಅಂಗಡಿ ನೋಡುತ್ತಾರೆ, ಮಕ್ಕಳು ಎಲ್ಲೋ ಐಸ್‌ಕ್ರೀಮ್ ತಿನ್ನುತ್ತಾರೆ, ನಾವಿಬ್ಬರು ಕ್ಯಾಸಿನೊಗೆ ಹೋಗಿ ಬರೋಣ ಎಂದರು. ಬೇಡ ಎನ್ನಲು ಅವನಿಗೆ ಒಂದೇ ಒಂದು ಒಳ್ಳೆಯ ಕಾರಣವಿತ್ತು, ಅದನ್ನು ಹೇಳುವಂತಿರಲಿಲ್ಲ. ಕ್ಯಾಸಿನೊ ಬಾಗಿಲಿನ ಕಾವಲಿನವನು ಸುರೇಶರನ್ನು ಒಂದು ನೋಟದಲ್ಲಿ ಬಿಟ್ಟ. ಅನಂತಕೃಷ್ಣನ ಪಾಸ್‌ಪೋರ್ಟನ್ನು ಮಾತ್ರ ಹಿಡಿದುಕೊಂಡು, ಫೋಟೊ ನೋಡಿ, ಮುಖ ನೋಡಿ, ಮತ್ತೆ ಫೋಟೊ ನೋಡಿದ. ಫೋಟೊದಲ್ಲಿ ಮೀಸೆ ಇತ್ತು, ತಲೆ ತುಂಬ ಕೂದಲಿತ್ತು. "ಸೇಮ್ ಪರ್ಸನ್, ಸರ್?" ಎಂದ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. "ಯೆಸ್, ಸೇಮ್," ಎಂದು ಅನಂತಕೃಷ್ಣ ಹೇಳಿದ, ಹೇಳುವಾಗ ಅದು ತನ್ನ ಮಾತೆಂದು ಅವನಿಗೇ ನಂಬಿಕೆಯಾಗಲಿಲ್ಲ.

ಒಳಗೆ ಕಿಟಕಿಯಿರಲಿಲ್ಲ, ಗಡಿಯಾರವಿರಲಿಲ್ಲ. ಕಾಲ ಕೆಳಗಿನ ದಪ್ಪ ಕಾರ್ಪೆಟ್ಟು ಹೆಜ್ಜೆಯ ಸದ್ದನ್ನು ನುಂಗುತ್ತಿತ್ತು. ಚೀನೀ ಮುದುಕಿಯರು ಯಂತ್ರಗಳ ಮುಂದೆ ಕೂತು ಒಂದೇ ಗುಂಡಿಯನ್ನು ಒತ್ತುತ್ತಿದ್ದರು, ಮುಖದಲ್ಲಿ ಸುಖವೂ ಇಲ್ಲ ದುಃಖವೂ ಇಲ್ಲ. ಅವನಿಗೆ ಡೇಟಾ ಸೆಂಟರಿನ ರಾತ್ರಿಪಾಳಿ ನೆನಪಾಯಿತು. ಅಲ್ಲಿಯೂ ಹೀಗೇ ಎಲ್ಲ ಮಿನುಗುತ್ತಿರುತ್ತದೆ, ಒಬ್ಬರೂ ಕತ್ತೆತ್ತುವುದಿಲ್ಲ. ರೂಲೆಟ್ ಮೇಜಿನ ಬಳಿ ಸುರೇಶ ನಾಲ್ಕು ಸಲ ಸೋತು, ಐದನೆಯ ಸಲ ಬಿಲ್ಲೆಗಳನ್ನು ಅವನ ಅಂಗೈಗೆ ಸುರಿದರು. "ನೀವು ಇಡಿ ಬೀಗರೇ. ಹೆಣ್ಣು ಕೊಡೋರ ಕೈಗುಣ ನೋಡೋಣ." ಅವನು ನೋಡದೆ ಕೆಂಪಿನ ಮೇಲಿಟ್ಟ. ಚೆಂಡು ಕೆಂಪಿಗೆ ಬಿತ್ತು. ಮತ್ತೆ ಇಟ್ಟ, ಮತ್ತೆ ಬಿತ್ತು. ಮೂರನೆಯ ಸಲ ಸೋಲಲೇಬೇಕೆಂದು ಮನಸ್ಸಿನಲ್ಲೇ ಬೇಡಿಕೊಂಡು ಒಂದೇ ಅಂಕಿಯ ಮೇಲೆ ಎಲ್ಲವನ್ನೂ ತಳ್ಳಿದ. ಚೆಂಡು ಅದೇ ಅಂಕಿಗೆ ಬಿತ್ತು, ಮೇಜಿನ ಸುತ್ತ ಜನ ಹೋ ಎಂದರು. ಸುರೇಶ ಅವನ ಬೆನ್ನಿಗೆ ಬಡಿದು, "ಏನ್ರೀ ಇದು, ಕೈಯೋ ಕಲ್ಪವೃಕ್ಷವೋ! ನಾಳೆ ಈ ಕೈಯಿಂದಾನೇ ತಾಂಬೂಲ ಕೊಡ್ಬೇಕು ನಮಗೆ," ಎಂದರು. ಅನಂತಕೃಷ್ಣನಿಗೆ ಯಾರೋ ಸಂಬಳ ಕೊಡುತ್ತಿದ್ದಾರೆ ಎನ್ನಿಸಿತು, ಬೆಳಗಿನಿಂದ ಮಾಡಿದ ಕೆಲಸಕ್ಕೆ.

ಹೊರಗೆ ಬಂದಾಗ ಎಂಟು ಗಂಟೆಗೆ ಕೆಲವೇ ನಿಮಿಷ. ಊಟಕ್ಕೆ ಎಲ್ಲರೂ ಲಾಬಿಯಲ್ಲಿ ಸೇರಿದ್ದರು. ಧನುಷ್ ಮೆಲ್ಲಗೆ ಪಕ್ಕಕ್ಕೆ ಬಂದು, "ಅಂಕಲ್, ಇಂಚರ ಬೆಳಿಗ್ಗೆಯಿಂದ ಅವಳ ದೊಡ್ಡಪ್ಪನ ಬಗ್ಗೇನೇ ಮಾತಾಡ್ತಿದಾಳೆ. ಊಟ ಆದ್ಮೇಲೆ ವೀಡಿಯೊ ಕಾಲ್ ಮಾಡ್ತೀವಿ. ನಿಮಗೆ ಓಕೆನಾ?" ಎಂದ. ಒಳ್ಳೆಯ ಹುಡುಗ. ಅವನು ಒಳ್ಳೆಯವನಾಗಿರುವುದೇ ಈಗ ಅಪಾಯವಾಗಿತ್ತು. ಊಟ ಮುಗಿಯಲು ಒಂದು ಗಂಟೆ. ಒಂದು ಗಂಟೆಯ ನಂತರ ಎರಡೂ ಮನೆಯವರ ಎದುರು ಮಗಳು ಫೋನು ಹಿಡಿದು ನಗುತ್ತ ನಿಲ್ಲುತ್ತಾಳೆ, ಆ ಕಡೆ ಅತ್ತಿಗೆ ಬರಿಯ ಹಣೆಯಲ್ಲಿ ಕಾಣಿಸುತ್ತಾಳೆ. ಅದಕ್ಕೆ ಮೊದಲು ಅವನೇ ಅತ್ತಿಗೆಯ ಜೊತೆ ಮಾತಾಡಬೇಕು, ಇವತ್ತು ಫೋನು ಎತ್ತಬೇಡಿ ಎಂದು ಕೈಮುಗಿಯಬೇಕು. "ಫೋನು ಕೊಡು," ಎಂದು ವೇದಾಗೆ ಹೇಳಿದ. ಅವಳು ಬ್ಯಾಗಿನ ಬಾಯಿಯನ್ನು ಹಿಡಿದುಕೊಂಡೇ, "ಈಗ್ಯಾಕೆ?" ಎಂದಳು. "ಆಫೀಸಿಂದು." ಅವಳು ಕೊಟ್ಟಳು, ಆದರೆ ಕೊಡುವಾಗ ಬೆರಳು ಸಡಿಲಿಸಲು ತಡಮಾಡಿದಳು.

ಲಿಫ್ಟು ಏರಿ, ಉದ್ದನೆಯ ಕಾರಿಡಾರಿನ ಕೊನೆಯಲ್ಲಿ, ಐಸು ಬೀಳಿಸುವ ಯಂತ್ರದ ಪಕ್ಕ ನಿಂತು ತ್ರಿಕೋನವನ್ನು ಒತ್ತಿದ.

"ಅನಂತೂ, ನಾನು," ಎಂದಿತು ಅತ್ತಿಗೆಯ ದನಿ. ಅಳು ಇರಲಿಲ್ಲ. ಆತುರವಿತ್ತು. "ಆರೂವರೆಗೆ ಇವರ ಗಂಟಲಿಗೆ ನಳಿಗೆ ಹಾಕ್ತಾರಂತೆ, ಆಮೇಲೆ ಮಾತಾಡೋಕ್ಕಾಗಲ್ಲ. ಅಷ್ಟರೊಳಗೆ ನೀನು ಒಂದ್ಸಲ ಫೋನ್ ಮಾಡ್ಬೇಕಂತೆ. ನರ್ಸು ಒಪ್ಪಿದಾರೆ. ತಗೋ, ಅವರೇ ಮಾತಾಡ್ತಾರೆ." ಆಮೇಲೆ ಉಸಿರು, ಗರಗರ ಎನ್ನುವ ಉಸಿರು, ಎಷ್ಟೋ ಹೊತ್ತು. "ಅನಂತೂ... ಹೆದರ್ಕೋಬೇಡ. ನಂಗೇನೇ ಆದ್ರೂ... ನಾಳೆ ಕೂಸಿನ ನಿಶ್ಚಯ ಮುಗಿಯೋವರೆಗೂ ನಿಂಗೆ ತಿಳಿಸ್ಬಾರ್ದು ಅಂತ ಇವಳ ಹತ್ರ ಆಣೆ ಹಾಕ್ಸಿದೀನಿ. ನಿನ್ ದನಿ ಒಂದ್ಸಲ ಕೇಳ್ಬೇಕು ಅನ್ನಿಸ್ತು. ಅಷ್ಟೆ. ಮಾಡು."

ಯಂತ್ರದೊಳಗೆ ಐಸು ಧಡಧಡ ಬಿತ್ತು. ಬೆಳಿಗ್ಗೆ ಎಂಟೂ ಹತ್ತಕ್ಕೆ ಅಣ್ಣ ಬದುಕಿದ್ದ. ಎಂಟೂ ಇಪ್ಪತ್ತೈದಕ್ಕೆ, ನಲವತ್ತಕ್ಕೆ, ಐವತ್ತೈದಕ್ಕೆ, ಕಾರಿನಲ್ಲಿ ಬೆಳಕು ಹತ್ತಿ ಆರಿದ ಪ್ರತಿ ಸಲವೂ ಬದುಕಿದ್ದ, ಮಾತಾಡುತ್ತಿದ್ದ. ಅವನು ಕಾಯುತ್ತಿದ್ದಾಗ ತಮ್ಮ ಅವನನ್ನು ಸಾಯಿಸಿ, ಸೂತಕದ ದಿನ ಎಣಿಸಿ, ಗೇರು ಬದಲಿಸುತ್ತ ಬೆಟ್ಟ ಹತ್ತುತ್ತಿದ್ದ. ಅಲ್ಲೇ ನಿಂತು ಫೋನು ಹಚ್ಚಿದ. ಒಂದೇ ರಿಂಗಿಗೆ ಅತ್ತಿಗೆ ಎತ್ತಿದಳು.

"ಅತ್ತಿಗೆ, ಈಗ... ಈಗ ಕೇಳಿಸ್ಕೊಂಡೆ."

"ಈಗಲಾ," ಎಂದಳು ಅತ್ತಿಗೆ. ಬಯ್ಯಲಿಲ್ಲ. ಹಿಂದೆ ಬಹಳ ಜನ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು, ಯಾರೋ ಹೆಂಗಸು ಬಿಕ್ಕುತ್ತಿದ್ದಳು. "ಕಾದ್ರು ಕಣೋ. ನಳಿಗೆ ಹಾಕೋಕ್ಕೆ ಬಂದೋರನ್ನ ಹತ್ತು ನಿಮಿಷ ನಿಲ್ಲಿಸಿದ್ರು. ಡ್ಯೂಟೀಲಿರ್ತಾನೆ, ಮಾಡೇ ಮಾಡ್ತಾನೆ ಅಂದ್ರು."

"ಅತ್ತಿಗೆ, ಎಷ್ಟು ಹೊತ್ತಿಗೆ..."

"ನೀನು ಕೇಳ್ಬಾರ್ದು ಅನಂತು. ನಾನು ಹೇಳ್ಬಾರ್ದು. ಅವರಿಗೆ ಆಣೆ ಇಟ್ಟಿದೀನಿ. ನಾಳೆ ಸಾಯಂಕಾಲ ಫೋನ್ ಮಾಡು, ಹೇಳ್ತೀನಿ." ಉಸಿರು ತೆಗೆದುಕೊಂಡಳು. "ಇಂಚರಂಗೂ ಹೇಳು, ಇವತ್ತು ಫೋನ್ ಮಾಡೋದು ಬೇಡ, ದೊಡ್ಡಪ್ಪ ಮಲಗಿದಾರೆ ಅಂತ." ಫೋನು ಇಟ್ಟಳು. ಅವನು ಕೈಮುಗಿದು ಬೇಡಬೇಕೆಂದಿದ್ದ ಮಾತನ್ನು ಅವಳು ಕೇಳದೆಯೇ ಕೊಟ್ಟುಬಿಟ್ಟಿದ್ದಳು.

ರೂಮಿಗೆ ಹೋಗಿ ಬಚ್ಚಲ ಬಾಗಿಲು ಹಾಕಿಕೊಂಡ. ಸಾವಿನ ಸುದ್ದಿ ಕೇಳಿದವನು ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಸುರಿದುಕೊಳ್ಳಬೇಕು. ಅಪ್ಪ ಸತ್ತಾಗ ಅಣ್ಣನೇ ಅವನನ್ನು ಬಾವಿಕಟ್ಟೆಯಲ್ಲಿ ಕೂರಿಸಿ ಕೊಡಗಟ್ಟಲೆ ಸುರಿದಿದ್ದ, ಚಳಿಗೆ ನಡುಗುತ್ತಿದ್ದವನ ತಲೆಯನ್ನು ತನ್ನ ಪಂಚೆಯ ತುದಿಯಿಂದಲೇ ಒರೆಸಿದ್ದ. ಕೋಟು ಬೂಟಿನ ಸಮೇತ ಅನಂತಕೃಷ್ಣ ಷವರಿನ ಕೆಳಗೆ ಹೋಗಿ ನಿಂತ. ಅಣ್ಣನಿಗಾಗಿ ಈಗ ಮಾಡಲು ಉಳಿದಿದ್ದುದು ಇದೊಂದೇ. ಅಳು ಬಾಯಿಗೆ ಬಂದು, ಸದ್ದಾಗದಂತೆ ತೋಳನ್ನು ಕಚ್ಚಿಕೊಂಡ. ನಲ್ಲಿಯ ಮೇಲೆ ಕೈಯಿಟ್ಟ. ಆಗ ರೂಮಿನ ಬಾಗಿಲು ತೆರೆದ ಸದ್ದು, ಕಾರ್ಪೆಟ್ಟಿನ ಮೇಲೆ ವೇದಾಳ ಕಾಲ್ಗೆಜ್ಜೆ. ಅದು ಬಚ್ಚಲ ಬಾಗಿಲಿನ ಆಚೆ ಬಂದು ನಿಂತಿತು. ಅವಳು ಏನು ಎಂದು ಕೇಳುತ್ತಾಳೆ, ತಾನು ಏನು ಸುಳ್ಳು ಹೇಳಬೇಕು ಎಂದು ಅವನು ಹುಡುಕುತ್ತಿದ್ದ.

"ರೀ," ಎಂದಳು ಕೊನೆಗೆ, ದನಿ ತಗ್ಗಿಸಿ, ಬಾಗಿಲಿಗೆ ಬಾಯಿ ತಾಗಿಸಿದಷ್ಟು ಹತ್ತಿರದಿಂದ. "ತಲೆಗೆ ನೀರು ಹಾಕ್ಕೋಬೇಡಿ. ಎಲ್ರೂ ಕೆಳಗೆ ಕಾಯ್ತಿದಾರೆ."

ಅವನು ನಲ್ಲಿಯಿಂದ ಕೈ ತೆಗೆದ. ಒಣಗಿಯೇ ಇದ್ದ ಕೈಗಳನ್ನು ಟವೆಲಿನಿಂದ ಒರೆಸಿಕೊಂಡು ಬಾಗಿಲು ತೆಗೆದ.